ಪ್ರೆಶರ್ ವಾಷರ್: ಬಾರ್ ಒಂದನ್ನೇ ನೋಡಿದರೆ ಸಾಲದು

ಊರಾಚೆ ರಸ್ತೆಬದಿಯಲ್ಲಿ ‘ವಾಟರ್ ಸರ್ವಿಸ್’ ಬೋರ್ಡು ಹಾಕಿಕೊಂಡ ಶೆಡ್ಡುಗಳಲ್ಲಿ ಬೈಕು, ಟ್ರ್ಯಾಕ್ಟರ್ ತೊಳೆಯುವ ಪಂಪನ್ನು ಮಲೆನಾಡಿನ ಅಡಿಕೆ ಬೆಳೆಗಾರರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಮಳೆಗಾಲದಲ್ಲಿ ಕೊಳೆರೋಗ ತಗುಲದಂತೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಲು ತೋಟಕ್ಕೆ ಒಯ್ಯುವ ಎಚ್‌ಟಿಪಿ ಪಂಪೇ ಅದು. ಸಾಲಾಗಿ ಮೂರು ಪಿಸ್ಟನ್, ಬೆಲ್ಟಿನಲ್ಲಿ ತಿರುಗಿಸುವ ಎರಡು ಎಚ್‌ಪಿ ಮೋಟಾರು, ಒತ್ತಡ ತೋರಿಸುವ ಒಂದು ಮೀಟರು. ಔಷಧಿ ಹೊಡೆಯುವ ಪಂಪು ಗಾಡಿ ತೊಳೆಯಲೂ ಒದಗಿಬಂದದ್ದು ಆಕಸ್ಮಿಕವಲ್ಲ. ಅದರ ಹಿಂದಿನ ಲೆಕ್ಕ ತಿಳಿದವರು ಪ್ರೆಶರ್ ವಾಷರ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗುವುದಿಲ್ಲ.

ಇಂಥ ಪಂಪು 30 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 20 ಲೀಟರ್ ನೀರು ಚೆಲ್ಲುತ್ತಿದೆ ಎನ್ನೋಣ. ಮೆಕ್ಯಾನಿಕ್‌ಗಳು ಇದನ್ನೇ ‘ಮೂವತ್ತು ಕೆಜಿ ಪ್ರೆಶರ್’ ಎನ್ನುತ್ತಾರೆ. ಚದರ ಸೆಂಟಿಮೀಟರಿಗೆ ಒಂದು ಕೆಜಿ ಎಂದರೆ ಹೆಚ್ಚುಕಡಿಮೆ ಒಂದು ಬಾರ್. ಪಕ್ಕದಲ್ಲಿ ಮನೆಬಳಕೆಯ ಪುಟ್ಟ ಪ್ರೆಶರ್ ವಾಷರ್ ಇದೆ, ಅದರದು 100 ಬಾರ್, ನಿಮಿಷಕ್ಕೆ 6 ಲೀಟರ್. ಎರಡರಲ್ಲೂ ಒತ್ತಡವನ್ನು ನೀರಿನ ಪ್ರಮಾಣದಿಂದ ಗುಣಿಸಿದರೆ ಬರುವುದು 600. ಅದನ್ನು 600ರಿಂದ ಭಾಗಿಸಿದರೆ ನೀರಿಗೆ ಸಿಕ್ಕ ಶಕ್ತಿ ಕಿಲೋವಾಟ್‌ನಲ್ಲಿ ಸಿಗುತ್ತದೆ: ಎರಡಕ್ಕೂ ಸರಿಯಾಗಿ ಒಂದು ಕಿಲೋವಾಟ್. ಒಂದೇ ಶಕ್ತಿಯನ್ನು ಒಂದು ಯಂತ್ರ ಹೆಚ್ಚು ನೀರಿಗೆ ಹಂಚಿದೆ, ಇನ್ನೊಂದು ಹೆಚ್ಚು ಒತ್ತಡಕ್ಕೆ ಇಟ್ಟುಕೊಂಡಿದೆ.

ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಮಾಡಬಹುದಾದ ಈ ಗುಣಾಕಾರ ಭಾಗಾಕಾರ ಬಹಳ ಕೆಲಸಕ್ಕೆ ಬರುತ್ತದೆ. ಡಬ್ಬಿಯ ಮೇಲೆ 1800 ವಾಟ್, 150 ಬಾರ್, ನಿಮಿಷಕ್ಕೆ 8 ಲೀಟರ್ ಎಂದಿದ್ದರೆ ನೀರಿಗೇ 2 ಕಿಲೋವಾಟ್ ಬೇಕು. ಮೋಟಾರು ಕರೆಂಟಿನಿಂದ ಎಳೆಯುವುದೇ 1.8 ಕಿಲೋವಾಟ್, ಅದರಲ್ಲೂ ಒಂದಷ್ಟು ಮೋಟಾರು ಮತ್ತು ಪಂಪಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಹಾಗಾಗಿ ಆ ಎರಡು ಅಂಕಿಗಳು ಒಂದೇ ಹೊತ್ತಿನಲ್ಲಿ ನಿಜವಾಗಲಾರವು. 150 ಬಾರ್ ಎಂಬುದು ಗರಿಷ್ಠ ಒತ್ತಡ, 8 ಲೀಟರ್ ಎಂಬುದು ನೀರು ಸಲೀಸಾಗಿ ಹರಿದಾಗಿನ ಗರಿಷ್ಠ ಪ್ರಮಾಣ. ಕೊಳ್ಳುವವರು ಕೇಳಬೇಕಾದದ್ದು ಕೆಲಸ ಮಾಡುವಾಗಿನ ಒತ್ತಡ ಮತ್ತು ಅದೇ ಒತ್ತಡದಲ್ಲಿ ಬರುವ ನೀರು.

ಇನ್ನು ಯಾವ ಕೊಳೆಗೆ ಯಾವುದು? 100 ಬಾರ್ ಒತ್ತಡದ ನೀರು ನಾಜಲ್ಲಿನಿಂದ ಸೆಕೆಂಡಿಗೆ ಸುಮಾರು 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. 30 ಬಾರ್‌ನ ನೀರಿನ ವೇಗ ಸುಮಾರು 280 ಕಿಲೋಮೀಟರ್. ವೇಗ ಕಡಿಮೆಯಾದರೂ ನೀರು ಮೂರು ಪಟ್ಟಿಗಿಂತ ಹೆಚ್ಚು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಚ್‌ಟಿಪಿ ಪಂಪಿನ ಧಾರೆಯ ನೂಕುಬಲವೇ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಟ್ರ್ಯಾಕ್ಟರ್ ಚಕ್ರದ ಸಂದಿಯಲ್ಲಿ ಕಟ್ಟಿದ ಕೆಂಪು ಕೆಸರು, ಕೊಟ್ಟಿಗೆಯ ನೆಲದ ಸಗಣಿ ಇವನ್ನು ಕೀಳುವುದಕ್ಕಿಂತ ನೂಕಿಕೊಂಡು ಹೋಗಬೇಕು. ಅದಕ್ಕೆ ಬೇಕಾದದ್ದು ನೀರು. ಸಿಮೆಂಟು ಅಂಗಳಕ್ಕೆ ಕಚ್ಚಿಕೊಂಡ ಪಾಚಿಯ ಕಥೆ ಬೇರೆ. ಅದು ನೂಕಿದರೆ ಕದಲುವುದಿಲ್ಲ, ಹೆರೆದು ತೆಗೆಯಬೇಕು, ಅಲ್ಲಿ ವೇಗವೇ ಗೆಲ್ಲುತ್ತದೆ. ವರ್ಷಕ್ಕೊಮ್ಮೆ ಅಂಗಳ ಉಜ್ಜಿ, ವಾರಕ್ಕೊಮ್ಮೆ ಕಾರು ತೊಳೆಯುವ ಮನೆಗೆ 100 ಬಾರ್ ಆಸುಪಾಸಿನ ಯಂತ್ರ ಧಾರಾಳ ಸಾಕು.

ದಿನವಿಡೀ ಕಾರು ತೊಳೆಯುವ ವ್ಯಾಪಾರಕ್ಕೆ ಎರಡೂ ಬೇಕು: 150 ಬಾರ್, ನಿಮಿಷಕ್ಕೆ 12 ಲೀಟರ್ ಎಂದುಕೊಂಡರೆ ನೀರಿಗೇ 3 ಕಿಲೋವಾಟ್ ಹೋಗುತ್ತದೆ. ಆಗ ತ್ರೀ ಫೇಸ್ ಸಂಪರ್ಕದ ಮಾತು ಬರುತ್ತದೆ.

ಮನೆಯ ಯಂತ್ರಕ್ಕೂ ಅಂಗಡಿಯ ಯಂತ್ರಕ್ಕೂ ನಿಜವಾದ ವ್ಯತ್ಯಾಸ ಒಳಗಡೆ ಇದೆ. ಅಗ್ಗದ ಯಂತ್ರಗಳಲ್ಲಿ ಮಿಕ್ಸಿಯಲ್ಲಿರುವಂಥ ಕಾರ್ಬನ್ ಬ್ರಶ್ಶಿನ ಮೋಟಾರು ಇರುತ್ತದೆ. ಹಗುರ, ಆದರೆ ಗದ್ದಲ ಜಾಸ್ತಿ, ಬ್ರಶ್ಶು ಸವೆಯುತ್ತದೆ, ಗಂಟೆಗಟ್ಟಲೆ ಓಡಿಸಿದರೆ ಕಾದುಹೋಗುತ್ತದೆ. ಇಂಡಕ್ಷನ್ ಮೋಟಾರು ಭಾರ, ಬೆಲೆಯೂ ಹೆಚ್ಚು, ಆದರೆ ನಿಮಿಷಕ್ಕೆ ಸುಮಾರು 2800 ಅಥವಾ 1400 ಸುತ್ತಿನಲ್ಲಿ ತಣ್ಣಗೆ ತಿರುಗುತ್ತಿರುತ್ತದೆ. ಪಂಪಿನಲ್ಲೂ ಹೀಗೆಯೇ. ಸಣ್ಣ ಯಂತ್ರದಲ್ಲಿ ಓರೆಯಾಗಿ ಕೂರಿಸಿದ ಒಂದು ತಟ್ಟೆ ತಿರುಗುತ್ತ ಮೂರು ಪುಟ್ಟ ಪಿಸ್ಟನ್‌ಗಳನ್ನು ಸರದಿಯಂತೆ ಒತ್ತುತ್ತದೆ. ದೊಡ್ಡದರಲ್ಲಿ ಕ್ರ್ಯಾಂಕ್ ಶಾಫ್ಟು, ಸೆರಾಮಿಕ್ ಪಿಸ್ಟನ್, ಹಿತ್ತಾಳೆಯ ಹೆಡ್ಡು, ಸವೆದ ಸೀಲು ಬದಲಿಸಲು ಜಾಗ. ವ್ಯಾಪಾರಕ್ಕೆಂದು ಬ್ರಶ್ ಮೋಟಾರಿನ ಯಂತ್ರ ಕೊಂಡವರ ದುಡ್ಡು ರಿಪೇರಿಗೇ ಹೋಗುತ್ತದೆ.

ಗ್ರೀಸು, ಎಣ್ಣೆ ಜಿಡ್ಡಿಗೆ ಮಾತ್ರ ಒತ್ತಡ ಎಷ್ಟಿದ್ದರೂ ಪ್ರಯೋಜನ ಕಡಿಮೆ, ಬಿಸಿನೀರೇ ಬೇಕು. ಜರ್ಮನಿಯ ಕಾರ್ಶರ್ ಕಂಪನಿ 1950ರಲ್ಲಿ ಯುರೋಪಿನ ಮೊದಲ ಬಿಸಿನೀರಿನ ಪ್ರೆಶರ್ ಕ್ಲೀನರನ್ನು ತಂದಿತು. ಅದೇ ಕಂಪನಿ ಮನೆಬಳಕೆಗೆಂದು ಹೊತ್ತೊಯ್ಯಬಲ್ಲ ಎಚ್‌ಡಿ 555 ಯಂತ್ರವನ್ನು ತಂದದ್ದು 1984ರಲ್ಲಿ. ಈಗಲೂ ಮನೆಯ ಬಹುತೇಕ ಯಂತ್ರಗಳು ತಣ್ಣೀರಿನವೇ. 40 ಡಿಗ್ರಿಗಿಂತ ಬಿಸಿಯಾದ ನೀರು ಕೊಡಬೇಡಿ ಎಂದು ಅವುಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ, ಗೀಸರಿನ ನೀರು ಬಿಟ್ಟರೆ ಸೀಲು ಹಾಳು.

ನಾಜಲ್ಲಿನ ಬಣ್ಣಗಳನ್ನು ಕಲಿತುಕೊಂಡರೆ ಅರ್ಧ ಅನಾಹುತ ತಪ್ಪಿದಂತೆ. ಸಾಮಾನ್ಯವಾಗಿ ಕೆಂಪು ಎಂದರೆ ಶೂನ್ಯ ಡಿಗ್ರಿ, ಸೂಜಿಯಂಥ ಧಾರೆ, ಹಳದಿ 15, ಹಸಿರು 25, ಬಿಳಿ 40 ಡಿಗ್ರಿ, ಕಪ್ಪು ಸೋಪಿಗೆ. ಹಸಿರು ನಾಜಲ್ಲಿನ ಧಾರೆ 10 ಸೆಂಟಿಮೀಟರ್ ದೂರದಲ್ಲಿ ನಾಲ್ಕೂವರೆ ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದೂರದಲ್ಲಿ ಹದಿಮೂರು. ಅಂದರೆ ಗನ್ನನ್ನು ಒಂದು ಗೇಣಿನಷ್ಟು ಹಿಂದೆ ಎಳೆದರೆ ಪೆಟ್ಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾರಿನ ಪೇಂಟು, ಟೈರಿನ ಪಕ್ಕೆ ಎರಡಕ್ಕೂ ಆ ದೂರ ಬೇಕೇ ಬೇಕು. ಕರಾವಳಿಯ ಕೆಂಪುಕಲ್ಲಿನ ಗೋಡೆಗೆ ಕೆಂಪು ನಾಜಲ್ ಹಿಡಿದರೆ ಪಾಚಿಯ ಜೊತೆ ಕಲ್ಲೂ ಪುಡಿಯಾಗಿ ಬರುತ್ತದೆ. ಮಂಗಳೂರು ಹೆಂಚಿನ ಮಾಡನ್ನು ತೊಳೆಯುವವರು ಮೇಲಿನಿಂದ ಕೆಳಕ್ಕೇ ಹೊಡೆಯಬೇಕು, ಕೆಳಗಿನಿಂದ ಹೊಡೆದರೆ ನೀರು ಹೆಂಚಿನಡಿ ನುಗ್ಗಿ ಮನೆಯೊಳಗೆ ಸುರಿಯುತ್ತದೆ.

ಎಲೆಕ್ಟ್ರಿಕ್ ಸ್ಕೂಟರಿನವರು ಇನ್ನೊಂದು ವಿಷಯ ಗಮನಿಸಬೇಕು. ಬ್ಯಾಟರಿಗೆ ಐಪಿ67 ಇದೆ, ಎಷ್ಟು ನೀರು ಹೊಡೆದರೂ ಏನೂ ಆಗದು ಎಂಬ ನಂಬಿಕೆ ತಪ್ಪು. ಐಪಿ67 ಪರೀಕ್ಷೆಯಲ್ಲಿ ವಸ್ತುವನ್ನು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ಮುಳುಗಿಸಿಡುತ್ತಾರೆ. ಅಲ್ಲಿ ನೀರಿನ ಒತ್ತಡ 0.1 ಬಾರ್. ಪ್ರೆಶರ್ ವಾಷರಿನಂಥ ಧಾರೆಗೆ ಬೇರೆಯೇ ಪರೀಕ್ಷೆ ಇದೆ, ಐಪಿಎಕ್ಸ್9: 80ರಿಂದ 100 ಬಾರ್, 80 ಡಿಗ್ರಿ ಬಿಸಿನೀರು, 10ರಿಂದ 15 ಸೆಂಟಿಮೀಟರ್ ದೂರ. ಅದರಲ್ಲಿ ಪಾಸಾಗದ ಸ್ಕೂಟರಿನ ಕನೆಕ್ಟರು, ಕೀಹೋಲ್, ಚಾರ್ಜಿಂಗ್ ಕಿಂಡಿಗಳತ್ತ ಗನ್ ತಿರುಗಿಸಬಾರದು.

ಯಂತ್ರ ಕೊಳ್ಳುವ ಮೊದಲು ಮನೆಯ ನಲ್ಲಿಯನ್ನೂ ಪರೀಕ್ಷಿಸಬೇಕು. 10 ಲೀಟರಿನ ಬಕೆಟ್ ತುಂಬಲು 100 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಿಮಿಷಕ್ಕೆ 6 ಲೀಟರ್ ಸಹ ಬರುತ್ತಿಲ್ಲ ಎಂದರ್ಥ. ನೀರು ಸಾಲದ ಪಂಪಿನೊಳಗೆ ಗುಳ್ಳೆಗಳೆದ್ದು ಒಡೆಯುತ್ತ ಲೋಹವನ್ನೇ ಕೊರೆಯುತ್ತವೆ. ತಾರಸಿಯ ಟ್ಯಾಂಕಿನಿಂದ ಬರುವ ಒತ್ತಡ 10 ಮೀಟರ್ ಎತ್ತರಕ್ಕೆ ಒಂದೇ ಬಾರ್. ಅಂಥ ಮನೆಗೆ ಬಕೆಟ್ಟಿನಿಂದಲೋ ಡ್ರಮ್ಮಿನಿಂದಲೋ ನೀರೆಳೆಯುವ ಯಂತ್ರವೇ ಸರಿ, ಜೊತೆಗೆ ಬೋರ್‌ವೆಲ್ ಮರಳನ್ನು ತಡೆಯುವ ಫಿಲ್ಟರು. ಗನ್ ಬಿಟ್ಟ ಕೂಡಲೇ ಮೋಟಾರು ತಾನಾಗಿ ನಿಲ್ಲುವುದೇ ಎಂದೂ ಕೇಳಿಕೊಳ್ಳಬೇಕು. ನಿಲ್ಲದ ಯಂತ್ರದಲ್ಲಿ ಅದೇ ನೀರು ಪಂಪಿನೊಳಗೆ ಸುತ್ತುತ್ತ ಬಿಸಿಯಾಗುತ್ತದೆ.

ನೀರಿನ ಉಳಿತಾಯ ಸಣ್ಣದೇನಲ್ಲ. ಹತ್ತು ನಿಮಿಷ ಓಡಿದ ಮನೆಯ ಯಂತ್ರ ಖರ್ಚು ಮಾಡುವುದು 60 ಲೀಟರ್, ನಿಮಿಷಕ್ಕೆ 15 ಲೀಟರ್ ಸುರಿಸುವ ತೋಟದ ಪೈಪಿಗೆ ಅಷ್ಟೇ ಹೊತ್ತಿಗೆ 150 ಲೀಟರ್ ಬೇಕು. ಆದರೆ ನೀರಿಗೆ ಬರ ಬಂದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನು ಎಳೆಯಬಲ್ಲ ಯಂತ್ರಕ್ಕೆ ಇಂಥ ಹೊತ್ತಿನಲ್ಲಿ ಬೆಲೆ ಬರುತ್ತದೆ.

ಕೊನೆಯದಾಗಿ ಕೈಕಾಲಿನ ಮಾತು. ಒದ್ದೆ ನೆಲದಲ್ಲಿ ಕರೆಂಟಿನ ಯಂತ್ರ ಹಿಡಿದು ನಿಲ್ಲುವ ಕೆಲಸವಿದು. ಸರಿಯಾದ ಅರ್ತಿಂಗು, ಸೋರುವ ಕರೆಂಟನ್ನು ಕೂಡಲೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಪ್ಲಗ್ಗು ಚುಚ್ಚಬಾರದು. ಚರ್ಮ ತೂರಲು 7 ಬಾರ್ ಒತ್ತಡವೂ ಸಾಕಾಗಬಹುದು, ಹಾಗಾಗಿ ಚಪ್ಪಲಿ ಕಾಲಿನ ಕೆಸರನ್ನು ಗನ್ನಿನಿಂದ ತೊಳೆದುಕೊಳ್ಳುವ ಚಾಳಿ ಬಹಳ ಅಪಾಯಕಾರಿ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ನೀರು ಮತ್ತು ಕೊಳೆ ಸ್ನಾಯುಗಳ ನಡುವೆ ಹರಡಿರುತ್ತದೆ. ಹಾಗೇನಾದರೂ ಆದರೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಉಳಿಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಪ್ರೆಶರ್ ವಾಷರಿನ ನೀರು ಒಳಹೊಕ್ಕಿದೆ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು.