ಸಿಂಹಾಸನದಿಂದ ಕಂಡ ಮತಧರ್ಮ: ವ್ಯೂಹಪ್ರಧಾನ ವಿಡಿಯೋ ಆಟಗಳ ಒಂದು ವಿವೇಚನೆ

ಮತಧರ್ಮವು ಆಧುನಿಕ ಮಾಧ್ಯಮಗಳಲ್ಲಿ ಹೇಗೆ ನಿರೂಪಿತವಾಗಿದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಕಾದಂಬರಿ, ನಾಟಕ, ಚಲನಚಿತ್ರ ಹಾಗೂ ದೂರದರ್ಶನ ಧಾರಾವಾಹಿಗಳತ್ತ ದೃಷ್ಟಿ ಹರಿಸುತ್ತಾರೆ. ವಿಡಿಯೋ ಆಟಗಳನ್ನು ಮಕ್ಕಳ ಕಾಲಹರಣವೆಂದು ಬದಿಗಿರಿಸುವುದೇ ಹೆಚ್ಚು. ಆದರೆ ಚರಿತ್ರೆಯನ್ನೇ ವಸ್ತುವಾಗಿ ಉಳ್ಳ ವ್ಯೂಹಪ್ರಧಾನ ಆಟಗಳು ಮೂರು ದಶಕಗಳಿಗೂ ಮಿಕ್ಕಿ ಜಗತ್ತಿನಾದ್ಯಂತ ಆಡಲ್ಪಡುತ್ತಿವೆ. ಅನೇಕ ಯುವಜನರಿಗೆ ಬೌದ್ಧ, ಜೈನ, ಕ್ರೈಸ್ತ, ಇಸ್ಲಾಂ ಮತಗಳ ಚರಿತ್ರೆಯ ಮೊದಲ ನಕ್ಷೆ ದೊರೆಯುವುದು ಇವುಗಳಿಂದಲೇ. ಆ ನಕ್ಷೆಯ ಸ್ವರೂಪವೇನು, ಅದರಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಚಿತ್ರ ಮತ್ತು ನಿಯಮ

ವ್ಯೂಹಪ್ರಧಾನ ಆಟದಲ್ಲಿ ಆಟಗಾರನು ಒಂದು ರಾಜ್ಯದ ಅಥವಾ ನಾಗರಿಕತೆಯ ಅಧಿಪತಿ. ಧಾನ್ಯ, ಚಿನ್ನ, ಸೈನ್ಯ, ವಿದ್ಯೆ ಮೊದಲಾದ ಸಂಪನ್ಮೂಲಗಳನ್ನು ಕೂಡಿಸಿ, ವಿನಿಯೋಗಿಸಿ, ಎದುರಾಳಿಗಳನ್ನು ಮೀರುವುದು ಆಟದ ಗುರಿ. ಇಂಥ ಆಟದಲ್ಲಿ ಮತಧರ್ಮವು ಎರಡು ನೆಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಚಿತ್ರ, ಸಂಗೀತ, ಹೆಸರು, ಲಾಂಛನಗಳ ನೆಲೆ. ಎರಡನೆಯದು ನಿಯಮಗಳ ನೆಲೆ. ಅಂದರೆ ಯಾವ ಕ್ರಿಯೆಗೆ ಯಾವ ಫಲ, ಎಷ್ಟು ವೆಚ್ಚ, ಎಷ್ಟು ಲಾಭ ಎಂಬ ಲೆಕ್ಕ. ಇಯಾನ್ ಬೊಗೊಸ್ಟ್ ಅವರು ೨೦೦೭ರಲ್ಲಿ ಪ್ರಕಟವಾದ ತಮ್ಮ 'ಪರ್ಸುವೇಸಿವ್ ಗೇಮ್ಸ್' ಕೃತಿಯಲ್ಲಿ, ಆಟಗಳು ತಮ್ಮ ವಾದವನ್ನು ಮುಖ್ಯವಾಗಿ ನಿಯಮಗಳ ಮೂಲಕವೇ ಮಂಡಿಸುತ್ತವೆ ಎಂಬ ನಿಲುವನ್ನು ಪ್ರತಿಪಾದಿಸಿದರು. ಈ ನಿಲುವನ್ನು ಒಪ್ಪಿದರೆ, ಆಟದಲ್ಲಿನ ದೇವಾಲಯದ ಚಿತ್ರ ಎಷ್ಟು ಸುಂದರವಾಗಿದೆ ಎನ್ನುವುದಕ್ಕಿಂತ ಆ ದೇವಾಲಯವು ಆಟದಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ.

ನಮ್ಮಲ್ಲಿ ಪ್ರಚಲಿತವಿದ್ದ ಪರಮಪದ ಸೋಪಾನ ಪಟವನ್ನು ಇಲ್ಲಿ ನೆನೆಯಬಹುದು. ಹಾವು ಏಣಿ ಆಟದ ಮೂಲರೂಪವಾದ ಆ ಪಟದ ವೈಷ್ಣವ ಹಾಗೂ ಜೈನ ಪಾಠಗಳೆರಡರಲ್ಲಿಯೂ ಕಾಯಿ ಎಂದರೆ ಜೀವ, ಪುಣ್ಯಗಳು ಏಣಿಗಳು, ಪಾಪಗಳು ಹಾವುಗಳು, ಗೆಲುವೆಂದರೆ ಮುಕ್ತಿ. ಅಲ್ಲಿ ಆಡುವವನು ಸಾಧಕ. ವ್ಯೂಹಪ್ರಧಾನ ವಿಡಿಯೋ ಆಟದಲ್ಲಿ ಆಡುವವನು ಅರಸ. ಸಾಧಕನಿಗೆ ಗುರಿಯಾಗಿದ್ದುದು ಅರಸನಿಗೆ ಸಾಧನವಾಗುತ್ತದೆ. ಮುಂದಿನ ಉದಾಹರಣೆಗಳನ್ನು ಈ ವ್ಯತ್ಯಾಸದ ಹಿನ್ನೆಲೆಯಲ್ಲಿ ನೋಡಬೇಕು.

೨. ಆಯುಧವಾಗಿ ಮತಾಂತರ

ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆ ರೂಪಿಸಿ ಮೈಕ್ರೋಸಾಫ್ಟ್ ೧೯೯೭ರಲ್ಲಿ ಪ್ರಕಟಿಸಿದ 'ಏಜ್ ಆಫ್ ಎಂಪೈರ್ಸ್' ಆಟದಲ್ಲಿ ಪುರೋಹಿತನು ಮಂತ್ರದಂತಹ ಉಚ್ಚಾರಣೆಯಿಂದ ಶತ್ರು ಸೈನಿಕನನ್ನು ತನ್ನ ಪಕ್ಷಕ್ಕೆ ತಿರುಗಿಸಿಕೊಳ್ಳಬಲ್ಲ. ೧೯೯೯ರ ಎರಡನೆಯ ಆಟದಲ್ಲಿ ಈ ಪಾತ್ರ ಸನ್ಯಾಸಿಯದಾಯಿತು. ಒಬ್ಬ ಸನ್ಯಾಸಿಯನ್ನು ಪಡೆಯಲು ೧೦೦ ಚಿನ್ನ ತೆರಬೇಕು. ಆತ ಯುದ್ಧಭೂಮಿಯಲ್ಲಿ ಬಿದ್ದಿರುವ ಪವಿತ್ರಾವಶೇಷಗಳನ್ನು ತಂದು ಮಠದಲ್ಲಿರಿಸಿದರೆ ಅವು ನಿರಂತರವಾಗಿ ಚಿನ್ನವನ್ನು ಸ್ರವಿಸುತ್ತವೆ. ಪಾಪಪರಿಹಾರದ ಹೆಸರುಳ್ಳ ವಿದ್ಯೆಯನ್ನು ಗಳಿಸಿದರೆ ಎದುರಾಳಿಯ ಸನ್ಯಾಸಿಯನ್ನೂ, ವಿಮೋಚನೆಯ ಹೆಸರುಳ್ಳ ವಿದ್ಯೆಯನ್ನು ಗಳಿಸಿದರೆ ಕಟ್ಟಡಗಳನ್ನೂ ಕೋಟೆ ಒಡೆಯುವ ಯಂತ್ರಗಳನ್ನೂ ಮತಾಂತರಿಸಬಹುದು! ಕ್ರೈಸ್ತ ದೇವತಾಶಾಸ್ತ್ರದ ಗಂಭೀರ ಪರಿಭಾಷೆಗಳು ಹೀಗೆ ಆಯುಧಗಳ ದರ್ಜೆಯನ್ನು ಸೂಚಿಸುವ ಪದಗಳಾಗಿ ಮಾರ್ಪಟ್ಟಿವೆ. ಅದೇ ಆಟದ ಅರಬ್ ಮತ್ತು ತುರ್ಕಿ ಪಕ್ಷಗಳಿಗೂ 'ಮಠ'ವೆಂಬ ಅದೇ ಹೆಸರಿನ ಕಟ್ಟಡವನ್ನು ನೀಡಲಾಗಿತ್ತು. ಯುರೋಪಿನ ಮಧ್ಯಯುಗದ ಒಂದು ಸಂಸ್ಥೆ ಎಲ್ಲರ ಮತಜೀವನಕ್ಕೂ ಮಾದರಿಯಾಯಿತು.

ಭೇದವನ್ನು ತೋರಿಸಲು ಹೊರಟಾಗ ಇನ್ನೊಂದು ತೊಡಕು ಎದುರಾಗುತ್ತದೆ. ಇದೇ ಮಾಲೆಯ ಮೂರನೆಯ ಆಟಕ್ಕೆ ೨೦೦೭ರಲ್ಲಿ ಬಂದ ಏಷ್ಯಾ ಸಂಬಂಧಿ ವಿಸ್ತರಣೆಯಲ್ಲಿ ಭಾರತೀಯ ಪಕ್ಷವು ಹಸುಗಳನ್ನು ಆಹಾರವಾಗಿ ಬಳಸುವಂತಿಲ್ಲ. ಅವುಗಳನ್ನು ಪವಿತ್ರ ಗೋಮಾಳದಲ್ಲಿ ಸಾಕಿದರೆ ಅನುಭವದ ಅಂಕಗಳು ದೊರೆಯುತ್ತವೆ. ಗಾಯಾಳುಗಳನ್ನು ಗುಣಪಡಿಸುವವನು ಆನೆಯೇರಿದ ಬ್ರಾಹ್ಮಣ. ಇಲ್ಲಿ ಭಾರತದ ಧಾರ್ಮಿಕ ವೈವಿಧ್ಯವು ಹಸು, ಆನೆ, ಬ್ರಾಹ್ಮಣ ಎಂಬ ಮೂರು ಪರಿಚಿತ ಸಂಕೇತಗಳಿಗೆ ಇಳಿದಿದೆ.

೩. ಸಮಾನತೆಯ ಮಾರ್ಗ

ಸಿಡ್ ಮೈಯರ್ ಅವರ ಹೆಸರಿನೊಂದಿಗೆ ೧೯೯೧ರಲ್ಲಿ ಆರಂಭವಾದ 'ಸಿವಿಲೈಸೇಷನ್' ಮಾಲೆಯ ನಾಲ್ಕನೆಯ ಆಟ ೨೦೦೫ರಲ್ಲಿ ಹೊರಬಂದಿತು. ಸೋರೆನ್ ಜಾನ್ಸನ್ ಇದರ ಪ್ರಧಾನ ವಿನ್ಯಾಸಕಾರರು. ಬೌದ್ಧ, ಹಿಂದೂ, ಯಹೂದಿ, ಕನ್‌ಫ್ಯೂಷಿಯನ್, ಕ್ರೈಸ್ತ, ತಾವೋ ಮತ್ತು ಇಸ್ಲಾಂ ಎಂಬ ಏಳು ಮತಗಳನ್ನು ಹೆಸರಿಸಿ ಆಟದ ಕೇಂದ್ರಕ್ಕೆ ತಂದದ್ದು ಈ ಕೃತಿಯ ವೈಶಿಷ್ಟ್ಯ. ಯಾರ ಭಾವನೆಗೂ ನೋವಾಗದಿರುವಂತೆ ಏಳೂ ಮತಗಳಿಗೆ ಒಂದೇ ಬಗೆಯ ಫಲಗಳನ್ನು ವಿಧಿಸಲಾಯಿತು. ಮತ ಹುಟ್ಟಿದ ಪುಣ್ಯನಗರಿಯಲ್ಲಿ ಪ್ರವಾದಿಯ ನೆರವಿನಿಂದ ಕ್ಷೇತ್ರವೊಂದನ್ನು ಕಟ್ಟಿದರೆ, ಆ ಮತ ಹರಡಿರುವ ಒಂದೊಂದು ನಗರದಿಂದಲೂ ಒಂದೊಂದು ಚಿನ್ನದ ನಾಣ್ಯ ಬರುತ್ತದೆ. ಸ್ವಮತದ ಅರಸರು ಸ್ನೇಹಿತರಾಗುತ್ತಾರೆ, ಅನ್ಯಮತದವರು ಮುನಿಯುತ್ತಾರೆ.

ಈ ಸಮಾನತೆ ಮೇಲ್ನೋಟಕ್ಕೆ ನಿಷ್ಪಕ್ಷಪಾತವಾದುದು. ಆದರೆ ಮತಗಳು ಹುಟ್ಟುವ ಕ್ರಮವನ್ನು ಗಮನಿಸಿದರೆ ಅದರೊಳಗೊಂದು ಚರಿತ್ರೆಯ ಸಿದ್ಧಾಂತ ಅಡಗಿರುವುದು ತಿಳಿಯುತ್ತದೆ. ಧ್ಯಾನವನ್ನು ಮೊದಲು ಅರಿತವರು ಬೌದ್ಧಮತವನ್ನೂ, ಬಹುದೇವತಾರಾಧನೆಯನ್ನು ಅರಿತವರು ಹಿಂದೂ ಮತವನ್ನೂ, ಏಕದೇವತಾರಾಧನೆಯನ್ನು ಅರಿತವರು ಯಹೂದಿ ಮತವನ್ನೂ ಸ್ಥಾಪಿಸುತ್ತಾರೆ. ಏಕದೇವತೆಯನ್ನು ತಲುಪಲು ಬಹುದೇವತೆಯನ್ನು ದಾಟಿ ಹೋಗಲೇಬೇಕು. ಎಡ್ವರ್ಡ್ ಟೈಲರ್ ೧೮೭೧ರಲ್ಲಿ ಪ್ರಕಟಿಸಿದ 'ಪ್ರಿಮಿಟಿವ್ ಕಲ್ಚರ್' ಗ್ರಂಥವು ಮತವಿಕಾಸಕ್ಕೆ ಕಲ್ಪಿಸಿದ ಮೆಟ್ಟಿಲುಗಳನ್ನು ಇದು ನೆನಪಿಗೆ ತರುತ್ತದೆ. ಮಾನವಶಾಸ್ತ್ರಜ್ಞರು ಬಹಳ ಹಿಂದೆಯೇ ಕೈಬಿಟ್ಟ ಆ ಏಣಿಯು ಆಟದ ವಿದ್ಯಾವೃಕ್ಷದಲ್ಲಿ ಸದ್ದಿಲ್ಲದೆ ಉಳಿದುಕೊಂಡಿದೆ. ಫಲಗಳು ಸಮಾನವಾಗಿದ್ದರೂ ಕ್ರಮವು ಸಮಾನವಲ್ಲ.

೪. ಜೋಡಣೆಯ ಮಾರ್ಗ

ಐದನೆಯ ಆಟಕ್ಕೆ ೨೦೧೨ರಲ್ಲಿ ಸೇರ್ಪಡೆಯಾದ 'ಗಾಡ್ಸ್ ಅಂಡ್ ಕಿಂಗ್ಸ್' ವಿಸ್ತರಣೆಯು ಮೂರನೆಯ ಮಾರ್ಗವನ್ನು ಹಿಡಿಯಿತು. ಇಲ್ಲಿ ಶ್ರದ್ಧೆ ಎಂಬುದು ಅಂಕಗಳಲ್ಲಿ ಕೂಡಿಬರುವ ಸಂಪನ್ಮೂಲ. ಅದು ಸಾಕಷ್ಟು ಕೂಡಿ ಪ್ರವಾದಿಯೊಬ್ಬನು ಪ್ರಾಪ್ತನಾದಾಗ ಆಟಗಾರನು ಮತವೊಂದರ ಹೆಸರನ್ನೂ, ಅದರ ನಂಬಿಕೆಗಳನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳುತ್ತಾನೆ. ಹೀಗಾಗಿ ಮಸೀದಿ ಕಟ್ಟುವ ಹಿಂದೂ ಮತವೂ, ಪವಿತ್ರ ಯೋಧರನ್ನು ಕೊಳ್ಳುವ ಬೌದ್ಧಮತವೂ ಸಾಧ್ಯವಾಗುತ್ತವೆ. ಯಾವ ಮತವನ್ನೂ ಒಂದು ಸ್ಥಿರಗುಣಕ್ಕೆ ಕಟ್ಟಿಹಾಕದಿರುವುದು ಇದರ ಗುಣ. ಹೆಸರಿಗೂ ಅದರ ಚರಿತ್ರೆಗೂ ಇರುವ ನಂಟು ಕಳಚಿಹೋಗುವುದು ಇದರ ದೋಷ.

೨೦೧೬ರ ಆರನೆಯ ಆಟದಲ್ಲಿ ಮತವೇ ಗೆಲುವಿನ ಒಂದು ದಾರಿ. ಪ್ರತಿಯೊಂದು ನಾಗರಿಕತೆಯ ಅರ್ಧಕ್ಕಿಂತ ಹೆಚ್ಚು ನಗರಗಳು ಆಟಗಾರನ ಮತವನ್ನು ಅನುಸರಿಸಿದರೆ ಆತ ಜಯಶಾಲಿ. ಧರ್ಮಪ್ರಚಾರಕರು ಎದುರಾದಾಗ ನಡೆಯುವ ವಾದವನ್ನು ಸಿಡಿಲು ಮಿಂಚುಗಳ ಕಾಳಗವಾಗಿ ತೋರಿಸಲಾಗಿದೆ. ಇದೇ ಆಟದಲ್ಲಿ ಭಾರತಕ್ಕೆ 'ಧರ್ಮ' ಎಂಬ ಹೆಸರಿನ ವಿಶೇಷ ಶಕ್ತಿಯನ್ನು ಕೊಟ್ಟಿರುವುದು ಗಮನಾರ್ಹ. ಭಾರತದ ನಗರದಲ್ಲಿ ಅನ್ಯಮತದ ಒಬ್ಬನೇ ಅನುಯಾಯಿ ಇದ್ದರೂ ಆ ಮತದ ಸತ್ಫಲ ನಗರಕ್ಕೆ ಲಭಿಸುತ್ತದೆ. ಬಹುತ್ವವನ್ನು ಗುರುತಿಸುವ ಈ ಯತ್ನ ಶ್ಲಾಘ್ಯವಾದುದು. ಆದರೂ ನಗರದಲ್ಲಿ ಹಲವು ಮತಗಳಿರಬಹುದೇ ಹೊರತು ಒಬ್ಬ ನಾಗರಿಕನು ಒಂದೇ ಮತದವನಾಗಿ ಎಣಿಕೆಯಾಗುತ್ತಾನೆ. ಬಹುತ್ವವೂ ಕೊನೆಗೆ ಅರಸನ ಬೊಕ್ಕಸಕ್ಕೆ ಬರುವ ಲಾಭವಾಗಿಯೇ ನಿಲ್ಲುತ್ತದೆ.

೫. ಒಬ್ಬನಿಗೆ ಒಂದು ಮತ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ಆಟಗಳು ಮತವನ್ನು ಇನ್ನಷ್ಟು ಸೂಕ್ಷ್ಮವಾಗಿ ನಿರ್ವಹಿಸುತ್ತವೆ. ೨೦೧೨ರ 'ಕ್ರುಸೇಡರ್ ಕಿಂಗ್ಸ್' ಎರಡನೆಯ ಆಟದ ಮೂಲಪ್ರತಿಯಲ್ಲಿ ಕ್ರೈಸ್ತ ಅರಸರಾಗಿ ಮಾತ್ರ ಆಡಬಹುದಾಗಿತ್ತು. ಅದೇ ವರ್ಷ ಮುಸ್ಲಿಂ ಅರಸರು, ೨೦೧೩ರಲ್ಲಿ ಉತ್ತರ ಯುರೋಪಿನ ಪ್ರಾಚೀನ ಮತಗಳವರು ಹಾಗೂ ಯಹೂದಿಗಳು, ೨೦೧೪ರಲ್ಲಿ ಹಿಂದೂ, ಬೌದ್ಧ, ಜೈನ ಅರಸರು ಪ್ರತ್ಯೇಕವಾಗಿ ಕೊಳ್ಳಬೇಕಾದ ವಿಸ್ತರಣೆಗಳ ಮೂಲಕ ಸೇರಿದರು. ಯಾವ ಮತದವರ ಕಣ್ಣಿನಿಂದ ಜಗತ್ತನ್ನು ನೋಡಬಹುದು ಎಂಬುದನ್ನು ಮಾರಾಟದ ಕ್ರಮವೇ ನಿರ್ಧರಿಸಿತು. ೨೦೨೦ರ ಮೂರನೆಯ ಆಟದಲ್ಲಿ ಪ್ರತಿ ಮತಕ್ಕೂ ಮೂರು ಪ್ರಧಾನ ತತ್ತ್ವಗಳಿವೆ. ಆಟಗಾರನು ಹೊಸ ಮತವನ್ನೇ ರಚಿಸಬಹುದು. ಅನ್ಯಮತಗಳ ಬಗೆಗಿನ ದ್ವೇಷ ಮತ್ತು ಸಹನೆಗಳಿಗೆ ದರ್ಜೆಗಳಿವೆ. ಇಷ್ಟೆಲ್ಲ ಸೂಕ್ಷ್ಮತೆಯಿದ್ದೂ ಒಂದು ಪಾತ್ರಕ್ಕೆ ಒಂದೇ ಮತ, ಒಂದು ಸೀಮೆಗೆ ಒಂದೇ ಮತ ಎಂಬ ಮೂಲಕಲ್ಪನೆ ಅಲುಗಾಡಿಲ್ಲ.

ಈ ಆಟಗಳ ಭೂಪಟದಲ್ಲಿ ಕರ್ನಾಟಕವೂ ಇರುವುದರಿಂದ ಈ ಕಲ್ಪನೆಯನ್ನು ನಮ್ಮ ಆಕರಗಳ ಮುಂದಿಟ್ಟು ಪರೀಕ್ಷಿಸಬಹುದು. ಆಟದ ಆರಂಭಕ್ಕೆ ಆಯ್ದುಕೊಳ್ಳಬಹುದಾದ ಕಾಲಗಳಲ್ಲಿ ಕ್ರಿ.ಶ. ೮೬೭ ಒಂದು. ಅದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲ. ಜೈನ ಪರಂಪರೆಯು ಆತನನ್ನು ಜಿನಸೇನಾಚಾರ್ಯರ ಶಿಷ್ಯನೆಂದು ಗೌರವಿಸುತ್ತದೆ. ಕ್ರಿ.ಶ. ೮೭೧ರ ಸಂಜಾನ್ ತಾಮ್ರಪಟವಾದರೋ, ಲೋಕದ ಉಪದ್ರವ ನೀಗಲೆಂದು ಆತ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಈ ಅರಸನ ಪಾತ್ರಕ್ಕೆ ಆಟವು ಯಾವ ಒಂದು ಮತವನ್ನು ಕೊಟ್ಟರೂ ಒಂದು ಆಕರ ಹೊರಗುಳಿಯುತ್ತದೆ.

ಅದೇ ಸಂಸ್ಥೆಯ 'ಯುರೋಪಾ ಯೂನಿವರ್ಸಾಲಿಸ್' ನಾಲ್ಕನೆಯ ಆಟ (೨೦೧೩) ಕ್ರಿ.ಶ. ೧೪೪೪ರಿಂದ ಆರಂಭವಾಗುತ್ತದೆ, ವಿಜಯನಗರವನ್ನು ಅದರಲ್ಲಿ ಆಡಬಹುದು. ಅಲ್ಲಿ ಪ್ರತಿ ಪ್ರಾಂತಕ್ಕೂ ಒಂದೇ ಮತ. ಸಹಿಷ್ಣುತೆ ಎಂಬುದು ಏರಿಳಿಯುವ ಒಂದು ಸಂಖ್ಯೆ. ಇದನ್ನು ಶ್ರವಣಬೆಳಗೊಳದ ಕ್ರಿ.ಶ. ೧೩೬೮ರ ಬುಕ್ಕರಾಯನ ಶಾಸನದೊಂದಿಗೆ ಹೋಲಿಸಿ ನೋಡಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನೆಂದೂ, ಪಂಚಮಹಾವಾದ್ಯ ಮತ್ತು ಕಳಶಗಳ ಹಕ್ಕನ್ನು ಜೈನರಿಗೆ ಎತ್ತಿಹಿಡಿದನೆಂದೂ ಅದು ತಿಳಿಸುತ್ತದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ಬಿದ್ದದ್ದು ತಿರುಮಲೆಯ ವೈಷ್ಣವನ ಮೇಲೆ. ಇಲ್ಲಿಯೂ ಅರಸನಿದ್ದಾನೆ, ಹಣದ ಲೆಕ್ಕವಿದೆ. ಆದರೆ ಒಂದು ಸಮಯದವರು ಇನ್ನೊಂದು ಸಮಯದವರ ಕ್ಷೇತ್ರಕ್ಕೆ ಹೊಣೆಯಾಗುವ ಈ ಸಂಬಂಧವನ್ನು ಹೇಳಲು ಏರಿಳಿಯುವ ಸಂಖ್ಯೆಯಿಂದಾಗದು.

ಈ ಮಿತಿ ಆಟಗಳಿಗಷ್ಟೇ ಸೇರಿದ್ದಲ್ಲ. ೧೮೭೧-೭೨ರಿಂದ ಭಾರತದಲ್ಲಿ ನಡೆದ ವಸಾಹತುಶಾಹಿ ಜನಗಣತಿಯೂ ಪ್ರತಿಯೊಬ್ಬನನ್ನು ಒಂದು ಮತದ ಅಂಕಣದಲ್ಲಿ ಬರೆದುಕೊಂಡಿತು. ಎಣಿಸಿ ಆಳಬೇಕಾದ ಪ್ರಭುತ್ವಕ್ಕೆ ಇಂಥ ಅಂಕಣಗಳು ಅನುಕೂಲ. ಆಟವೂ ಎಣಿಕೆಯಿಂದಲೇ ನಡೆಯುವುದರಿಂದ ಅದೇ ಅಂಕಣಗಳನ್ನು ಸಹಜವೆಂಬಂತೆ ಸ್ವೀಕರಿಸಿದೆ.

೬. ಸಂಗ್ರಹ ಮತ್ತು ಸಂಶೋಧನೆ

ಈ ಕ್ಷೇತ್ರದಲ್ಲಿ ಹೈಡಿ ಕ್ಯಾಂಪ್‌ಬೆಲ್ ಮತ್ತು ಗ್ರೆಗರಿ ಗ್ರೀವ್ ಅವರು ೨೦೧೪ರಲ್ಲಿ ಸಂಪಾದಿಸಿದ 'ಪ್ಲೇಯಿಂಗ್ ವಿತ್ ರಿಲಿಜನ್ ಇನ್ ಡಿಜಿಟಲ್ ಗೇಮ್ಸ್' ಮೊದಲಾದ ಕೃತಿಗಳು ಬಂದಿವೆ. ಕನ್ನಡದ ಸಂಶೋಧಕರು ಶಾಸನ, ಕಾವ್ಯ, ಕೈಫಿಯತ್ತುಗಳ ಬಲದಿಂದ ಇದಕ್ಕೆ ಸಲ್ಲಿಸಬಹುದಾದ ಕಾಣಿಕೆ ದೊಡ್ಡದು. ಆದರೆ ಒಂದು ವ್ಯಾವಹಾರಿಕ ತೊಡಕಿದೆ. ಆಟಗಳ ನಿಯಮಗಳು ಪರಿಷ್ಕರಣೆಗಳ ಮೂಲಕ ಮತ್ತೆಮತ್ತೆ ಬದಲಾಗುತ್ತವೆ. ೨೦೧೨ರಲ್ಲಿ ಪ್ರಕಟವಾದ ಪ್ರತಿಗೂ ಕೆಲವು ವರ್ಷಗಳ ಅನಂತರದ ಪ್ರತಿಗೂ ಪಾಠಾಂತರಗಳಷ್ಟೇ ಅಂತರವಿರುತ್ತದೆ. ಆದುದರಿಂದ ಆಟವನ್ನು ಉಲ್ಲೇಖಿಸುವವರು ಆವೃತ್ತಿಯ ಸಂಖ್ಯೆಯನ್ನು ನಮೂದಿಸುವುದು ಅಗತ್ಯ. ನಮ್ಮ ದೇಶದಲ್ಲಿ ೧೯೫೪ರ ಗ್ರಂಥ ಸಲ್ಲಿಕೆ ಕಾಯ್ದೆಯು ಪುಸ್ತಕ, ಪತ್ರಿಕೆಗಳನ್ನು ಕುರಿತು ರೂಪಿತವಾದುದು. ಆಟಗಳು ಅದರ ಲಕ್ಷ್ಯದಲ್ಲಿರಲಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು ೧೯೯೨ರ ಕಾನೂನಿನ ಆಧಾರದಿಂದ ವಿಡಿಯೋ ಆಟಗಳನ್ನೂ ಸಂಗ್ರಹಿಸುತ್ತ ಬಂದಿದೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕನಿಷ್ಠಪಕ್ಷ ಭಾರತವನ್ನು ಚಿತ್ರಿಸುವ ಆಟಗಳ ಪ್ರತಿಗಳನ್ನೂ ಕೈಪಿಡಿಗಳನ್ನೂ ಕಾಪಿಡುವ ಯೋಜನೆ ಹಾಕಿಕೊಳ್ಳಬೇಕಾಗಿದೆ.

ಒಟ್ಟಿನಲ್ಲಿ, ವ್ಯೂಹಪ್ರಧಾನ ಆಟಗಳು ಮತಧರ್ಮವನ್ನು ಚಿತ್ರಿಸಲು ಭೇದ, ಸಮಾನತೆ, ಜೋಡಣೆ ಎಂಬ ಮೂರು ಮಾರ್ಗಗಳನ್ನು ಅನುಸರಿಸಿವೆ. ಮೂರರಲ್ಲಿಯೂ ನೋಟವು ಸಿಂಹಾಸನದ ನೋಟವೇ ಆಗಿದೆ. ಅರಸನಿಗೆ ಮತದಿಂದ ಏನು ಲಾಭವೆಂಬುದನ್ನು ಅವು ಸ್ಪಷ್ಟವಾಗಿ ಕಲಿಸುತ್ತವೆ. ಚರಿತ್ರೆಯ ಆ ಮುಖ ಸುಳ್ಳೇನೂ ಅಲ್ಲ. ಎರಡು ದರ್ಶನಗಳ ನಡುವೆ ಬದುಕಿದ ಅರಸನನ್ನೂ, ನೆರೆಯವರ ಬಸದಿಗೆ ಸುಣ್ಣ ಬಳಿಸಿದ ಭಕ್ತನನ್ನೂ ಅವುಗಳಲ್ಲಿ ಕಾಣಲಾಗದು. ಅಂಥವರ ವಿಚಾರ ತಿಳಿಯಬಯಸುವ ಯುವ ಆಟಗಾರನಿಗೆ ದಾರಿ ತೋರುವ ಹೊಣೆ ಶಾಸನಗಳನ್ನು ಓದಬಲ್ಲವರದು.