ಸಮುದ್ರತಳದ ಶೋಧನೆಯೂ ಅದರ ಉಪಕರಣಗಳೂ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ಬಡಿದು ನೋಡದೆ ಹಣ ಕೊಡಲಾರಳು. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಕಂಡುಹಿಡಿಯುವುದೆಂದು ಅವಳು ಬಲ್ಲಳು. ಹಲಸಿನ ಹಣ್ಣನ್ನು ತಟ್ಟಿ ಅದು ಪಕ್ವವಾಗಿದೆಯೋ ಇಲ್ಲವೋ ಎಂದು ಹೇಳುವವರೂ ಇದೇ ವಿದ್ಯೆಯನ್ನು ಬಳಸುತ್ತಾರೆ. ಸಮುದ್ರದ ನೀರಿನ ಕೆಳಗೆ, ಅದರ ತಳದ ಕೆಸರಿಗೂ ಕೆಳಗೆ, ಸಾವಿರಾರು ಅಡಿಗಳ ಆಳದಲ್ಲಿ ಮಲಗಿರುವ ಬಂಡೆಗಳ ಪದರಗಳನ್ನು ಮನುಷ್ಯನು ಅರಿತುಕೊಂಡದ್ದೂ ಹೀಗೆ ಬಡಿದು ಕೇಳುವುದರಿಂದಲೇ. ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಸೌದೆಯ ಒಲೆಯು ಬಹುಮಟ್ಟಿಗೆ ಮರೆಯಾಗಿ ಅನಿಲದ ಒಲೆಯು ಬಂದಿರುವುದರಿಂದಲೂ, ಆ ಅನಿಲದಲ್ಲಿ ಒಂದು ಪಾಲು ಕಡಲಿನ ಅಡಿಯಿಂದ ಬರುವುದರಿಂದಲೂ, ಈ ಶೋಧನೆಯ ಉಪಕರಣಗಳನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆಯುವುದು ಅನುಚಿತವಾಗದೆಂದು ನಂಬಿದ್ದೇವೆ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ದೂರ ಹೋಗುವುದು. ಸಮುದ್ರದ ನೀರಿನಲ್ಲಾದರೋ ಸುಮಾರು 1,500 ಮೀಟರು ಹೋಗುವುದು. ಹಡಗಿನಿಂದ ಹೊರಟ ಶಬ್ದವು ಕೆಳಗೆ ತಾಗಿ 2 ಸೆಕೆಂಡುಗಳಲ್ಲಿ ಹಿಂದಿರುಗಿ ಬಂದರೆ ಅಲ್ಲಿಯ ಆಳವು 1,500 ಮೀಟರೆಂದು ನಮ್ಮ ಎಂಟನೆಯ ತರಗತಿಯ ಹುಡುಗಿಯೂ ಲೆಕ್ಕ ಮಾಡಿ ಹೇಳಬಲ್ಲಳು. ಆದರೆ ಶಬ್ದವೆಲ್ಲವೂ ತಳದಿಂದಲೇ ಹಿಂದಿರುಗುವುದಿಲ್ಲ. ಒಂದಂಶವು ನೆಲದೊಳಗೆ ಇಳಿಯುತ್ತದೆ. ಒಂದು ಬಗೆಯ ಬಂಡೆಯು ಮುಗಿದು ಇನ್ನೊಂದು ಬಗೆಯ ಬಂಡೆಯು ಆರಂಭವಾಗುವ ಪ್ರತಿಯೊಂದು ಗಡಿಯಲ್ಲಿಯೂ ಅದರಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ಈ ಕ್ಷೀಣವಾದ ಪ್ರತಿಧ್ವನಿಗಳನ್ನು ಒಂದೊಂದಾಗಿ ಬರೆದುಕೊಂಡರೆ ಭೂಮಿಯ ಪದರಗಳ ಚಿತ್ರವು ದೊರೆಯುವುದು. ಎಣ್ಣೆಯು ತಾನಾಗಿಯೇ ‘ಇಲ್ಲಿದ್ದೇನೆ’ ಎಂದು ಕೂಗುವುದಿಲ್ಲವೆಂಬುದನ್ನು ನೆನಪಿಡಬೇಕು. ಎಣ್ಣೆಯು ನಿಲ್ಲಬಹುದಾದ ಆಕಾರಗಳನ್ನು, ಅಂದರೆ ಬೋರಲು ಹಾಕಿದ ಬೋಗುಣಿಯಂತೆ ಮೇಲಕ್ಕೆ ಉಬ್ಬಿದ ಪದರಗಳನ್ನು, ಈ ಚಿತ್ರವು ತೋರಿಸುವುದಷ್ಟೆ. ಎಣ್ಣೆಯು ಇದೆಯೋ ಇಲ್ಲವೋ ಎಂಬುದನ್ನು ಕೊರೆದೇ ನೋಡಬೇಕು.

ಈ ವಿದ್ಯೆಗೆ ಪ್ರೇರಣೆ ಕೊಟ್ಟದ್ದು ಎಣ್ಣೆಯಲ್ಲ, ಒಂದು ದುರಂತ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮಂಜುಗಡ್ಡೆಗೆ ಬಡಿದು ಮುಳುಗಿ 1,500ಕ್ಕೂ ಹೆಚ್ಚು ಜನರು ಸತ್ತರು. ಆ ಬಳಿಕ, ಮಂಜುಗಡ್ಡೆಯನ್ನು ದೂರದಿಂದಲೇ ತಿಳಿಯುವ ಬಗೆಯನ್ನು ಅನೇಕರು ಹುಡುಕಿದರು. ಕೆನಡಾದಲ್ಲಿ ಹುಟ್ಟಿದ ರೆಜಿನಾಲ್ಡ್ ಫೆಸೆಂಡನ್ ಎಂಬವರು ನೀರಿನಲ್ಲಿ ಗಟ್ಟಿಯಾದ ಶಬ್ದವನ್ನೆಬ್ಬಿಸುವ ವಿದ್ಯುದ್ಯಂತ್ರವನ್ನು ಮಾಡಿ, 1914ರಲ್ಲಿ ‘ಮಯಾಮಿ’ ಎಂಬ ಹಡಗಿನಿಂದ ಸುಮಾರು 2 ಮೈಲು ದೂರದ ಮಂಜುಗಡ್ಡೆಯ ಪ್ರತಿಧ್ವನಿಯನ್ನು ಕೇಳಿದರು. ಸಮುದ್ರದ ತಳದಿಂದಲೂ ಪ್ರತಿಧ್ವನಿಯು ಬಂದಿತು. 1917ರಲ್ಲಿ ಅವರೇ ಇಂಥ ಶಬ್ದದಿಂದ ಭೂಮಿಯೊಳಗಿನ ಅದುರಿನ ನಿಕ್ಷೇಪಗಳನ್ನು ಹುಡುಕುವ ಕ್ರಮಕ್ಕೆ ಪೇಟೆಂಟು ಪಡೆದರು.

ನೆಲದ ಮೇಲೆ ಈ ಕೆಲಸವು ಬೇಗ ಬೆಳೆಯಿತು. 1921ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಕಾರ್ಚರ್ ಮತ್ತು ಅವರ ಜೊತೆಗಾರರು ಸಿಡಿಮದ್ದನ್ನು ಹಾರಿಸಿ ಪದರಗಳ ಪ್ರತಿಧ್ವನಿಯನ್ನು ಬರೆದುಕೊಂಡರು. ಸಮುದ್ರಕ್ಕೆ ಹೋಗುವ ಧೈರ್ಯವಾದರೋ ತಡವಾಗಿ ಬಂದಿತು. 1935ರಲ್ಲಿ ಮಾರಿಸ್ ಯೂಯಿಂಗ್ ಎಂಬ ತರುಣ ಅಧ್ಯಾಪಕರು ‘ಅಟ್ಲಾಂಟಿಸ್’ ಎಂಬ ಹಡಗನ್ನೇರಿ, ವರ್ಜೀನಿಯಾದ ಕರೆಯಾಚೆ ಸ್ಫೋಟಗಳನ್ನು ಮಾಡಿ ಅವುಗಳ ಕಂಪನವನ್ನು ಅಳೆದರು. ತೈಲ ಕಂಪೆನಿಗಳು ಅವರಿಗೆ ಸಹಾಯ ಕೊಡಲಿಲ್ಲ. ನೆಲದ ಮೇಲೆಯೇ ಬೇಕಾದಷ್ಟು ಎಣ್ಣೆಯಿರುವಾಗ ಕಡಲಿನಲ್ಲಿ ಹುಡುಕುವುದು ಯಾತಕ್ಕೆಂಬುದು ಆ ಕಾಲದ ವಿಚಾರವಾಗಿತ್ತು. ಹನ್ನೆರಡು ವರ್ಷಗಳು ಕಳೆಯುವುದರೊಳಗಾಗಿ, 1947ರಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ದಡವು ಕಣ್ಣಿಗೆ ಬೀಳದಷ್ಟು ದೂರದಲ್ಲಿ ಎಣ್ಣೆಯ ಬಾವಿಯನ್ನು ತೋಡಿಯಾಗಿತ್ತು.

ಆಗ ಶಬ್ದಕ್ಕೆ ಡೈನಮೈಟೇ ಆಧಾರ. ಅದು ಹಡಗಿನಲ್ಲಿ ಸಾಗಿಸುವವರಿಗೆ ಅಪಾಯಕರ; ಹಾರಿಸಿದಲ್ಲೆಲ್ಲಾ ಮೀನುಗಳನ್ನು ಕೊಲ್ಲುವಂಥದು. ಇದರ ಬದಲಿಗೆ 1960ರ ದಶಕದಲ್ಲಿ ಸ್ಟೀಫನ್ ಛೆಲ್ಮಿನ್‌ಸ್ಕಿ ಎಂಬ ಅಮೆರಿಕದ ಇಂಜಿನಿಯರರು ಏರ್ ಗನ್ ಎಂಬ ಗಾಳಿಬಂದೂಕನ್ನು ಪ್ರಚಾರಕ್ಕೆ ತಂದರು. ಇದು ಉಕ್ಕಿನ ಒಂದು ಉರುಳೆ. ಇದರೊಳಗೆ ವಾತಾವರಣದ ಒತ್ತಡದ ಸುಮಾರು 140 ಪಟ್ಟು ಒತ್ತಡದಲ್ಲಿ ಗಾಳಿಯನ್ನು ತುಂಬಿ, ಜಾರುವ ಒಂದು ಮುಚ್ಚಳದಿಂದ ತಡೆದಿಡುತ್ತಾರೆ. ವಿದ್ಯುತ್ತಿನ ಸಂಜ್ಞೆಯಾದೊಡನೆ ಮುಚ್ಚಳವು ಸರಿದು, ಕಣ್ಣೆವೆ ಮುಚ್ಚುವುದರೊಳಗೆ ಗಾಳಿಯು ನೀರಿಗೆ ನುಗ್ಗುತ್ತದೆ. ಮದ್ದೂ ಇಲ್ಲ, ಬೆಂಕಿಯೂ ಇಲ್ಲ; ಗಾಳಿಯನ್ನು ಪುನಃ ತುಂಬಿ ಸುಮಾರು ಹತ್ತು ಸೆಕೆಂಡುಗಳಿಗೊಮ್ಮೆ ಹಾರಿಸುತ್ತಾ ಹೋಗಬಹುದು. ಆದರೆ ಹೊರಬಂದ ಗಾಳಿಯು ದೊಡ್ಡ ಗುಳ್ಳೆಯಾಗುತ್ತದೆ. ನೀರು ಅದನ್ನು ಅದುಮುತ್ತದೆ, ಅದು ಮತ್ತೆ ಉಬ್ಬುತ್ತದೆ, ಹೀಗೆ ಒಂದು ಬಡಿತಕ್ಕೆ ಬದಲಾಗಿ ನಾಲ್ಕಾರು ಬಡಿತಗಳು ಕೇಳಿಸಿ ಚಿತ್ರವು ಕಲಸಿಹೋಗುತ್ತದೆ. ಇದಕ್ಕೆ ಕಂಡುಹಿಡಿದ ಪರಿಹಾರವು ನಮಗೆ ಬಹಳ ಚೆನ್ನಾಗಿ ತೋರುತ್ತದೆ. ಹೇಗೆಂದರೆ, ಚಿಕ್ಕ ದೊಡ್ಡ ಗಾತ್ರಗಳ ಹಲವಾರು ಬಂದೂಕುಗಳನ್ನು ಒಂದೇ ಕ್ಷಣದಲ್ಲಿ ಹಾರಿಸಿದರೆ ಮೊದಲಿನ ಬಡಿತಗಳೆಲ್ಲಾ ಒಟ್ಟುಗೂಡಿ ಬಲವಾಗುತ್ತವೆ. ಗುಳ್ಳೆಗಳ ಮರುಬಡಿತಗಳು ಬೇರೆ ಬೇರೆ ವೇಳೆಗಳಲ್ಲಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ.

ಇನ್ನು ಕೇಳುವ ಕಿವಿಯ ವಿಷಯ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಸಹೋದರರು ಕಂಡುಕೊಂಡರು. (ಈ ಪಿಯರ್ ಅವರೇ ಮುಂದೆ ಮೇರಿ ಕ್ಯೂರಿಯವರ ಪತಿಯಾದವರು.) ನೀರಿನೊಳಗೆ ಶಬ್ದವೆಂದರೆ ಒತ್ತಡದ ಏರಿಳಿತವೇ ಆದುದರಿಂದ, ಅಂಥ ಗುಣವುಳ್ಳ ಬಿಲ್ಲೆಯೊಂದನ್ನು ನೀರಿನಲ್ಲಿಟ್ಟರೆ ಅದು ಶಬ್ದವನ್ನು ವಿದ್ಯುತ್ತಾಗಿ ಮಾರ್ಪಡಿಸುವುದು. ಇದೇ ಹೈಡ್ರೊಫೋನು. ಇಂಥ ಸಾವಿರಾರು ಹೈಡ್ರೊಫೋನುಗಳನ್ನು ಪೋಣಿಸಿದ ಕೊಳವೆಗೆ ಸ್ಟ್ರೀಮರ್ ಎಂದು ಹೆಸರು. ಇದರ ಉದ್ದವು 6 ಕಿಲೋಮೀಟರೂ ಇರಬಹುದು, 10 ಕಿಲೋಮೀಟರೂ ಇರಬಹುದು. ಹಡಗು ಇಂಥ ಹತ್ತಾರು ಕೊಳವೆಗಳನ್ನು ನೂರು ಮೀಟರಿನಷ್ಟು ಅಂತರದಲ್ಲಿ ಬಾಲದಂತೆ ಎಳೆದುಕೊಂಡು, ಗಂಟೆಗೆ ಎಂಟೊಂಬತ್ತು ಕಿಲೋಮೀಟರಿನ ವೇಗದಲ್ಲಿ ಸಾಗುತ್ತದೆ. ಕೊಳವೆಯು ಮೇಲೆ ತೇಲಿದರೆ ಅಲೆಗಳ ಗದ್ದಲವು ಕೇಳಿಸುತ್ತದೆ, ಮುಳುಗಿದರೆ ಕೈಬಿಟ್ಟುಹೋಗುತ್ತದೆ. ಆದುದರಿಂದ ಮೊದಲು ಅದರಲ್ಲಿ ನೀರಿಗಿಂತ ಹಗುರವಾದ ಎಣ್ಣೆಯನ್ನು ತುಂಬಿ ತೂಕವನ್ನು ಸರಿಗಟ್ಟುತ್ತಿದ್ದರು. ಅದು ಹರಿದಾಗ ಎಣ್ಣೆಯು ಕಡಲಿಗೆ ಸೋರುತ್ತಿದ್ದುದರಿಂದ ಈಗ ಘನವಸ್ತುವನ್ನೋ ಲೋಳೆಯಂಥ ವಸ್ತುವನ್ನೋ ತುಂಬುವುದೇ ರೂಢಿಯಾಗುತ್ತಿದೆ. ಆಳವನ್ನು ಕಾಯ್ದಿಡಲು ಅಲ್ಲಲ್ಲಿ ರೆಕ್ಕೆಯುಳ್ಳ ಚಿಕ್ಕ ಉಪಕರಣಗಳನ್ನು ಕಟ್ಟುತ್ತಾರೆ. ನಾವಿಕರು ಅವನ್ನು ‘ಹಕ್ಕಿ’ಗಳೆಂದೇ ಕರೆಯುತ್ತಾರೆ. ಇಷ್ಟು ಉದ್ದದ ಬಾಲವುಳ್ಳ ಹಡಗು ಒಮ್ಮೆ ಹಿಂದಕ್ಕೆ ತಿರುಗಬೇಕಾದರೆ ಕೆಲವು ಗಂಟೆಗಳೇ ಹಿಡಿಯುತ್ತವೆ.

ಒಂದೇ ಪ್ರತಿಧ್ವನಿಯನ್ನು ನಂಬುವಂತಿಲ್ಲ. ಹ್ಯಾರಿ ಮೇನ್ ಎಂಬವರು 1950ರಲ್ಲಿ ಒಂದು ಉಪಾಯವನ್ನು ಹೇಳಿದರು: ನೆಲದೊಳಗಿನ ಒಂದೇ ಬಿಂದುವನ್ನು ಬೇರೆ ಬೇರೆ ದೂರಗಳಿಂದ ಹಲವು ಬಾರಿ ಬಡಿದು ಕೇಳಿ, ಬಂದದ್ದೆಲ್ಲವನ್ನೂ ಕೂಡಿಸಬೇಕು. ನಿಜವಾದ ಪ್ರತಿಧ್ವನಿಯು ಪ್ರತಿಸಲವೂ ಲೆಕ್ಕಕ್ಕೆ ಸರಿಯಾದ ವೇಳೆಗೇ ಬರುವುದರಿಂದ ಕೂಡುತ್ತಾ ಬೆಳೆಯುತ್ತದೆ. ಗದ್ದಲವು ಹಾಗೆ ಕೂಡಿಬರುವುದಿಲ್ಲ. ಇಂದಿನ ಗಣಕಯಂತ್ರಗಳು ಮಾಡುವ ಅಪಾರವಾದ ಲೆಕ್ಕಗಳಿಗೆ ಈ ಸರಳವಾದ ಮಾತೇ ಬುನಾದಿ.

ಯೂಯಿಂಗರು ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಲಮಾಂಟ್ ವೀಕ್ಷಣಾಲಯವನ್ನು ಸ್ಥಾಪಿಸಿದರು. ಅಲ್ಲಿ ಕೆಲಸ ಮಾಡಿದ ಮೇರಿ ಥಾರ್ಪ್ ಅವರನ್ನು ಇಲ್ಲಿ ಸ್ಮರಿಸದಿರಲಾರೆವು. ಭೂಗರ್ಭಶಾಸ್ತ್ರವನ್ನೂ ಗಣಿತವನ್ನೂ ಓದಿದ್ದ ಈ ಮಹಿಳೆಗೆ, ಹೆಂಗಸೆಂಬ ಕಾರಣದಿಂದ, ಸಂಶೋಧನೆಯ ಹಡಗುಗಳಲ್ಲಿ ಬಹುಕಾಲ ಪ್ರವೇಶವಿರಲಿಲ್ಲ. ಗಂಡಸರು ಹಡಗಿನಿಂದ ತಂದ ಆಳದ ಅಳತೆಗಳನ್ನು ಅವರು ಮೇಜಿನ ಮುಂದೆ ಕುಳಿತು ಚಿತ್ರವಾಗಿ ಬರೆದರು. 1952ರಲ್ಲಿ ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲಿನ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಕಣಿವೆಯಿರುವುದನ್ನು ಅವರು ಕಂಡುಕೊಂಡಾಗ, ಸಹೋದ್ಯೋಗಿಯಾದ ಬ್ರೂಸ್ ಹೀಜನ್ ಅದನ್ನು ಹುಡುಗಿಯರ ಹರಟೆಯೆಂದು ತಳ್ಳಿಹಾಕಿದರು. ಆದರೆ ಹೊವರ್ಡ್ ಫಾಸ್ಟರ್ ಎಂಬ ಕಿವುಡ ಚಿತ್ರಕಾರರು ಭೂಕಂಪಗಳ ಸ್ಥಾನಗಳನ್ನು ಅದೇ ಅಳತೆಯ ನಕ್ಷೆಯಲ್ಲಿ ಗುರುತಿಸಲು, ಅವು ಆ ಕಣಿವೆಯ ಮೇಲೆಯೇ ಸಾಲಾಗಿ ಬಿದ್ದವು. ಹೀಜನ್ನರು ಒಪ್ಪಲೇಬೇಕಾಯಿತು. ಭೂಖಂಡಗಳು ಚಲಿಸುತ್ತವೆಂಬ ಮಾತಿಗೆ ಇದು ದೊಡ್ಡ ಆಧಾರಗಳಲ್ಲೊಂದಾಯಿತು. ಹುಡುಗಿಯರಿಗೆ ಭೂಪಟ ಬರೆಯಿಸುವುದು ವ್ಯರ್ಥವೆನ್ನುವ ಪೋಷಕರು ಈಗಲೂ ಒಬ್ಬಿಬ್ಬರು ನಮ್ಮ ಬಳಿಗೆ ಬರುವುದುಂಟು.

ನಮ್ಮ ದೇಶದ ಪಶ್ಚಿಮದ ಕಡಲಿನಲ್ಲಿಯೂ ಇದೇ ವಿದ್ಯೆಯು ಫಲ ಕೊಟ್ಟಿದೆ. 1960ರ ದಶಕದ ನಡುವಿನಲ್ಲಿ ಸೋವಿಯೆತ್ ದೇಶದ ‘ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ’ ಎಂಬ ಹಡಗಿನಲ್ಲಿ ರಷ್ಯನರೂ ಭಾರತೀಯರೂ ಕೂಡಿ ಖಂಭಾತ್ ಕೊಲ್ಲಿಯ ಕಡೆಯ ಸಮುದ್ರವನ್ನು ಶೋಧಿಸಿದರು. ಆಗ ಕಂಡುಬಂದ ಉಬ್ಬುಪದರದ ಮೇಲೆ ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ವೇದಿಕೆಯು 1974ರಲ್ಲಿ ಬಾವಿ ತೋಡಲು ಎಣ್ಣೆ ಸಿಕ್ಕಿತು. ಮುಂಬಯಿಯಿಂದ ಸುಮಾರು 160 ಕಿಲೋಮೀಟರು ದೂರದ ಈ ಸ್ಥಳವೇ ಬಾಂಬೆ ಹೈ.

ಆದರೆ ಈ ಬಡಿತವನ್ನು ನಾವು ಮಾತ್ರ ಕೇಳುವುದಿಲ್ಲ. 1992ರಲ್ಲಿ ನಾರ್ವೆಯ ಸಂಶೋಧಕರು ಬೇರೆಂಟ್ಸ್ ಸಮುದ್ರದಲ್ಲಿ ಪರೀಕ್ಷೆ ಮಾಡಿ, ಗಾಳಿಬಂದೂಕುಗಳನ್ನು ಹಾರಿಸಿದಾಗ ಕಾಡ್ ಮೀನಿನ ಹಿಡುವಳಿಯು ಸುಮಾರು ಅರ್ಧದಷ್ಟು ಕುಗ್ಗಿದ್ದನ್ನೂ, ಅದರ ಪರಿಣಾಮವು ಮೂವತ್ತು ಕಿಲೋಮೀಟರಿಗೂ ಆಚೆ ಕಂಡುಬಂದದ್ದನ್ನೂ ತಿಳಿಸಿದರು. 2017ರಲ್ಲಿ ಪ್ರಕಟವಾದ ಟಾಸ್ಮೇನಿಯಾದ ಪರೀಕ್ಷೆಯೊಂದರಲ್ಲಿ, ಮೀನುಗಳ ಆಹಾರವಾದ ಅತಿಸಣ್ಣ ಜೀವಿಗಳು ಒಂದೇ ಬಂದೂಕಿನಿಂದ 1.2 ಕಿಲೋಮೀಟರು ದೂರದ ವರೆಗೆ ಕಡಮೆಯಾದುದು ಕಂಡುಬಂದಿತು. ಕಡಲನ್ನೇ ನಂಬಿ ಬಾಳುವವರಿಗೆ ಇದು ಊಟದ ಪ್ರಶ್ನೆ. ಶೋಧಕ ಹಡಗು ಬಂದಾಗ ಬಲೆಗಳನ್ನು ತೆಗೆದುಕೊಂಡು ದೂರ ಸರಿಯಬೇಕಾದವರೂ ಅವರೇ. ಅನಿಲದ ಒಲೆಯನ್ನು ಹಚ್ಚುವ ನಾವು ಇದನ್ನು ನಮಗೆ ಸಂಬಂಧಿಸದ ಸಂಗತಿಯೆಂದು ಹೇಳುವಂತಿಲ್ಲ.

ಪರಿಹಾರಗಳೂ ಉಪಕರಣಗಳಲ್ಲಿಯೇ ಹುಡುಕಲ್ಪಡುತ್ತಿವೆ. ಅದೇ ಛೆಲ್ಮಿನ್‌ಸ್ಕಿಯವರು ಇಳಿವಯಸ್ಸಿನಲ್ಲಿ, ಕಡಮೆ ಒತ್ತಡದಿಂದ ಮಂದ್ರವಾದ ಶಬ್ದವನ್ನು ಕೊಟ್ಟು, ಪ್ರಾಣಿಗಳಿಗೆ ಹೆಚ್ಚು ತೊಂದರೆ ಕೊಡುವ ಕೀಚುಶಬ್ದವನ್ನು ತಗ್ಗಿಸುವ ಹೊಸ ಬಗೆಯ ಬಂದೂಕಿನ ಕೆಲಸಕ್ಕೆ ಕೈಹಾಕಿದರು. ಬ್ರಿಟನ್ನಿನ ನಿಯಮಗಳ ಪ್ರಕಾರ, ಬಂದೂಕುಗಳನ್ನು ಹಾರಿಸುವುದಕ್ಕೆ ಮೊದಲು ಕಾವಲುಗಾರರು ಕನಿಷ್ಠ ಅರ್ಧ ಗಂಟೆ ನೀರನ್ನು ನೋಡುತ್ತಿರಬೇಕು; 500 ಮೀಟರಿನೊಳಗೆ ತಿಮಿಂಗಿಲವೋ ಡಾಲ್ಫಿನ್ನೋ ಕಂಡರೆ ಆರಂಭವನ್ನು ಮುಂದಕ್ಕೆ ಹಾಕಬೇಕು. ಆರಂಭಿಸುವಾಗಲೂ ಒಂದೊಂದೇ ಬಂದೂಕನ್ನು ಸೇರಿಸುತ್ತಾ 20 ನಿಮಿಷಗಳಿಗೆ ಕಡಮೆಯಿಲ್ಲದೆ ಶಬ್ದವನ್ನು ಮೆಲ್ಲನೆ ಏರಿಸಬೇಕು. ರಾತ್ರಿಯಲ್ಲಿಯೂ ಮಂಜಿನಲ್ಲಿಯೂ ಕಣ್ಣು ಸಾಗದಾದಾಗ ಬೇರೆ ಹೈಡ್ರೊಫೋನುಗಳನ್ನು ನೀರಿಗಿಳಿಸಿ, ತಿಮಿಂಗಿಲಗಳ ದನಿಯು ಸಮೀಪದಲ್ಲಿ ಕೇಳಿಸುವುದೋ ಎಂದು ಆಲಿಸುತ್ತಾರೆ.