ಸ್ವರಕ್ಕೆ ಪರದೆ, ತಾಳಕ್ಕೆ ಅಂಗಳ

ಬೆಳ್ತಂಗಡಿ ತಾಲೂಕಿನ ಮಡಂತ್ಯಾರಿನ ಮಗುವಿನ ಕಿವಿಗೆ ಸಂಗೀತ ಬೀಳಲು ಯಾವ ಕ್ಲಾಸೂ ಬೇಕಿಲ್ಲ. ಮಳೆಗಾಲ ಕಳೆದರೆ ಬಯಲಾಟದ ಚೆಂಡೆ, ಭಜನಾ ಮಂದಿರದಲ್ಲಿ ಕುಣಿತ ಭಜನೆಯ ತಾಳ, ಸೇಕ್ರೆಡ್ ಹಾರ್ಟ್ ಚರ್ಚಿನ ಪೂಜೆಯಲ್ಲಿ ಕೊಂಕಣಿ ಗೀತೆ ಇದ್ದೇ ಇವೆ. ಇಂಥ ಮಗುವಿನ ಕೈಗೆ ಸಂಗೀತ ಕಲಿಸುವ ಆನ್‌ಲೈನ್ ಆಟಗಳು ಬಂದಿರುವಾಗ, ಅವುಗಳಿಂದ ಏನನ್ನು ಕಲಿಸಬೇಕು, ಏನನ್ನು ಅವುಗಳ ಪಾಲಿಗೆ ಬಿಡಬಾರದು ಎಂದು ದೊಡ್ಡವರು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಸ್ವರದ ಮೊದಲ ಪರಿಚಯವನ್ನು ಧಾರಾಳವಾಗಿ ಪರದೆಗೆ ಒಪ್ಪಿಸಬಹುದು, ತಾಳವನ್ನು ಮಾತ್ರ ಒಪ್ಪಿಸಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸ್ವರದ ವಿಷಯದಲ್ಲಿ ಆಟ ನಿಜಕ್ಕೂ ಉಪಕಾರಿ. ಗೂಗಲ್ 2016ರಲ್ಲಿ ಉಚಿತವಾಗಿ ತೆರೆದಿಟ್ಟ ಕ್ರೋಮ್ ಮ್ಯೂಸಿಕ್ ಲ್ಯಾಬನ್ನೇ ನೋಡಿ. ಅದರಲ್ಲಿರುವ ‘ಸಾಂಗ್ ಮೇಕರ್’ಗೆ ಖಾತೆ ಬೇಡ, ಓದು ಬರಹವೂ ಬೇಡ. ಪರದೆಯ ಮೇಲೆ ಚೌಕುಳಿಗಳ ಜಾಲ. ಕೆಳಗಿನಿಂದ ಮೇಲೆ ಹೋದಂತೆ ಸ್ವರ ಏರುತ್ತದೆ, ಸ್ವರ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಏರು ಇಳಿತ ಎಂಬ, ಬಾಯಿಮಾತಿನಲ್ಲಿ ವಿವರಿಸಲು ಕಷ್ಟವಾದ ಸಂಗತಿ ನಾಲ್ಕು ವರ್ಷದ ಮಗುವಿಗೂ ಕಣ್ಣೆದುರೇ ಕಾಣುತ್ತದೆ. ಅದರ ‘ಪೆಂಟಟಾನಿಕ್’ ಆಯ್ಕೆಯಲ್ಲಿ ದೊರೆಯುವ ಐದು ಸ್ವರಗಳು ನಮ್ಮ ಮೋಹನ ರಾಗದವು, ‘ಮೇಜರ್’ನಲ್ಲಿ ದೊರೆಯುವವು ಶಂಕರಾಭರಣದವು. ಪುರಂದರದಾಸರ ಹೆಸರಿನಲ್ಲಿ ಬಂದ ಸರಳೆ ವರಸೆಯ ಮಾಯಾಮಾಳವಗೌಳ ಬೇಕಿದ್ದರೆ ಹನ್ನೆರಡೂ ಸ್ವರಗಳಿರುವ ‘ಕ್ರೋಮ್ಯಾಟಿಕ್’ ಆಯ್ಕೆ ಹಿಡಿದು, ಷಡ್ಜದಿಂದ ಎಣಿಸಿ 1, 2, 5, 6, 8, 9, 12ನೆಯ ಸಾಲುಗಳನ್ನು ಮುಟ್ಟಿದರಾಯಿತು. ಯಂತ್ರದ ಸ್ವರಕ್ಕೆ ಗಮಕದ ಬಳುಕಿಲ್ಲ, ಅದು ಕಿವಿಯನ್ನು ಕೆಡಿಸುತ್ತದೆ ಎಂದು ಸಂಗೀತದ ಗುರುಗಳು ಆಕ್ಷೇಪಿಸುವುದುಂಟು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಸರಳೆ ವರಸೆಯ ಹಂತದಲ್ಲಿ ಮಗು ಹಾಡುವುದೂ ನೇರ ಸ್ವರಗಳನ್ನೇ. ತಪ್ಪಿದಾಗ ಮುಖ ಸಿಂಡರಿಸದೆ ನೂರು ಸಲ ಅದೇ ಸ್ವರವನ್ನು ಕೇಳಿಸುವ ತಾಳ್ಮೆ ಯಂತ್ರಕ್ಕಿದೆ. ಗಮಕ ಶುರುವಾದ ದಿನ ಮೊಬೈಲನ್ನು ಬದಿಗಿಟ್ಟು ಗುರುಮುಖಕ್ಕೆ ಬರಬೇಕು, ಅಷ್ಟೇ.

ತಾಳದ ಮಾತು ಬೇರೆ. ಗಾಜಿನ ಮೇಲೆ ಬೆರಳು ತಟ್ಟಿದ್ದಕ್ಕೂ ಸದ್ದು ಹೊರಡುವುದಕ್ಕೂ ನಡುವೆ ತುಸು ತಡವಾಗುತ್ತದೆ. ಬ್ಲೂಟೂತ್ ಸ್ಪೀಕರ್ ಜೋಡಿಸಿದರಂತೂ ಆ ತಡ ಕಿವಿಗೇ ಗೊತ್ತಾಗುತ್ತದೆ. ವಿಡಿಯೊ ಕ್ಲಾಸಿನಲ್ಲಿ ಗುರು ಶಿಷ್ಯರು ಒಟ್ಟಿಗೆ ಹಾಡಲಾಗದೆ ಒಬ್ಬರಾದ ಮೇಲೊಬ್ಬರು ಹಾಡುವುದೂ ಇದೇ ಕಾರಣಕ್ಕೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಾಳದ ಆಟಗಳಲ್ಲಿ ಹೆಚ್ಚಿನವು ಕಣ್ಣೆದುರು ಇಳಿದುಬರುವ ಚುಕ್ಕಿಯನ್ನು ಸರಿಯಾದ ಕ್ಷಣಕ್ಕೆ ಮುಟ್ಟಿದರೆ ಅಂಕ ಕೊಡುತ್ತವೆ. ತಾಳ ಹಿಡಿಯುವುದೆಂದರೆ ಕಾಣದ ಆವರ್ತವನ್ನು ಮೈಯೊಳಗೆ ಇಟ್ಟುಕೊಂಡು ನಡೆಯುವುದು. ತ್ರಿಪುಟ ತಾಳದಲ್ಲಿ ಒಂದು ತಟ್ಟು, ಎರಡು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟಿ ತಿರುವುವುದು. ಏಳು ಅಕ್ಷರ ಮುಗಿದು ಮತ್ತೆ ಮೊದಲ ತಟ್ಟಿಗೆ ಬಂದಾಗ ಮಗು ಪಡೆಯುವ ಖುಷಿ ಯಾವ ಅಂಕಕ್ಕೂ ಸಮವಲ್ಲ. ಲಯವನ್ನು ಮೈಯಿಂದಲೇ ಕಲಿಸಬೇಕೆಂದು ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಡಾಲ್ಕ್ರೋಜ್ 20ನೇ ಶತಮಾನದ ಆರಂಭದಲ್ಲಿ ಒಂದು ಪದ್ಧತಿಯನ್ನೇ ರೂಪಿಸಿದರು. ನಮ್ಮ ಕುಣಿತ ಭಜನೆಯಲ್ಲಿ ಮಕ್ಕಳು ಪಕ್ಕದವರ ಹೆಜ್ಜೆ ನೋಡಿ ತಮ್ಮ ಹೆಜ್ಜೆ ತಿದ್ದಿಕೊಳ್ಳುವಾಗ ನಡೆಯುವುದೂ ಆ ಕಲಿಕೆಯೇ.

ಎಲ್ಲ ಮನೆಯವರಿಗೂ ಬೆಳ್ತಂಗಡಿಗೋ ಮೂಡುಬಿದಿರೆಗೋ ಮಗುವನ್ನು ಕ್ಲಾಸಿಗೆ ಕರೆದೊಯ್ಯಲು ಆಗುತ್ತದೆಯೇ, ಮೊಬೈಲೇ ಗುರು ಆದರೆ ತಪ್ಪೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ತಾಳಕ್ಕೆ ಸಂಬಳದ ಗುರುವೇ ಬೇಕೆಂದಿಲ್ಲ, ಜೊತೆಗಾರರು ಸಾಕು. ಭಜನಾ ಮಂಡಳಿ ಹತ್ತಿರದಲ್ಲೇ ಸಿಗುತ್ತದೆ. ಇನ್ನು ಪರದೆಯ ಅವಧಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಸ್ವರದ ಆಟಕ್ಕೆ ಹತ್ತು ನಿಮಿಷ ಧಾರಾಳವಾಯಿತು. ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ ತರಗತಿಗಳಲ್ಲಿ ಹಾಡು, ಅಭಿನಯ ಹೇಗೂ ಇವೆ. ಅಲ್ಲಿ ಟೀಚರ ಮೊಬೈಲ್ ಒಂದೇ ಸಾಕು: ಅವರು ಮೋಹನದ ನಾಲ್ಕು ಚೌಕುಳಿ ಮುಟ್ಟಿ ಕೇಳಿಸಲಿ, ಮಕ್ಕಳು ಹಾಡಿ ತೋರಿಸಲಿ, ಆಮೇಲೆ ಮೊಬೈಲ್ ಆಫ್ ಮಾಡಿ ಅದೇ ಸಾಲಿಗೆ ಎಲ್ಲರೂ ಎದ್ದು ನಿಂತು ತಾಳ ಹಾಕಲಿ.